ನೀಲಿ ಬೋಗಿಯ ಹಿಂದೆ

ನಾನು ಕಾರು ಓಡಿಸುವುದನ್ನು ಕಲಿತದ್ದು ನನ್ನ ಗಂಡನ ಲೈಸೆನ್ಸ್ ಹೋದ ಮೇಲೆ. ಅಲ್ಲಿಯವರೆಗೆ ಡಚ್ಚರ ನಾಡಿನ ಆಲ್ಮೆರೆ ಊರಿನ ನಮ್ಮ ಮನೆಯ ಮುಂದೆ ನಿಲ್ಲುತ್ತಿದ್ದ ಆ ಬೂದು ಬಣ್ಣದ ಕಾರು ಅವರದಾಗಿತ್ತು, ನಾನು ಪಕ್ಕದ ಸೀಟಿನವಳು. ಕಣ್ಣಿನ ಡಾಕ್ಟರರ ಮಾತಿನ ಮೇಲೆ ಇನ್ನು ಓಡಿಸುವಂತಿಲ್ಲ ಎಂದಾದ ದಿನ ಅವರು ಕೀಲಿಯನ್ನು ಫ್ರಿಜ್ಜಿನ ಮೇಲಿಟ್ಟು ಆಫೀಸಿಗೆ ಹೋದರು. ಇಡೀ ಚಳಿಗಾಲ ಕೀಲಿ ಅಲ್ಲೇ ಬಿದ್ದಿತ್ತು. ಕೊನೆಗೆ ನಾನು ಡ್ರೈವಿಂಗ್ ಸ್ಕೂಲಿಗೆ ಸೇರಿದೆ. ಡಚ್ಚಿನಲ್ಲಿ ಗೊಣಗುವ ಮಾಸ್ತರರ ಪಕ್ಕ ಕೂತು, ಮಳೆಯಲ್ಲಿ ರೌಂಡ್‌ಅಬೌಟುಗಳನ್ನು ಸುತ್ತಿ ಸುತ್ತಿ, ಎರಡನೆಯ ಸಲಕ್ಕೆ ಪಾಸಾದೆ.

ನನ್ನ ಗಂಡನ ಕಣ್ಣಿನ ಕಾಯಿಲೆ ತಾಯಿಯ ಮನೆತನದಿಂದ ಬಂದದ್ದು. ಮೊದಲು ಕತ್ತಲಲ್ಲಿ ಕಾಣುವುದಿಲ್ಲ. ಆಮೇಲೆ ನೋಟದ ಅಂಚುಗಳು ಕಪ್ಪಾಗುತ್ತ ಒಳಕ್ಕೆ ಬರುತ್ತವೆ, ನಡುವೆ ಒಂದಿಷ್ಟು ಮಾತ್ರ ಉಳಿಯುತ್ತದೆ. ಔಷಧದ ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳನ್ನು ಅವರು ಸಲೀಸಾಗಿ ಓದುತ್ತಿದ್ದರು, ಆದರೆ ಪಕ್ಕದಲ್ಲೇ ಬಂದು ನಿಂತ ಮಗಳು ಕಾಣುತ್ತಿರಲಿಲ್ಲ. ಗದಗಿನಲ್ಲಿ ಅವರ ಸೋದರಮಾವನಿಗೂ ಇದೇ ಆಗಿತ್ತು. ಅಲ್ಲಿ ಯಾರೂ ಅದಕ್ಕೆ ಹೆಸರಿಟ್ಟಿರಲಿಲ್ಲ, ‘ಸಂಜೀಕ ಅವಂಗ ಕಾಣಂಗಿಲ್ಲ’ ಎನ್ನುತ್ತಿದ್ದರು ಅಷ್ಟೆ. ಮಾಮಾ ನಲವತ್ತರ ಹೊತ್ತಿಗೆ ತನ್ನ ಪಾತ್ರೆ ಅಂಗಡಿಯನ್ನು ತಮ್ಮನಿಗೆ ಬಿಟ್ಟು ಪಡಸಾಲೆಯ ಕಂಬಕ್ಕೆ ಒರಗಿ ಕೂತವರು, ಕೊನೆಯವರೆಗೂ ಅಲ್ಲೇ ಕೂತಿದ್ದರಂತೆ. ನನ್ನ ಗಂಡನಿಗೆ ಆಗ ನಲವತ್ತಮೂರು. ಆ ಕಂಬದ ಮಾತನ್ನು ಮನೆಯಲ್ಲಿ ನಾವು ಎತ್ತುತ್ತಿರಲಿಲ್ಲ.

ಅವರಿಗೆ ರೈಲಿನ ಹುಚ್ಚು ಶುರುವಾದದ್ದು ಆಲ್ಮೆರೆಯಿಂದ ಆಮ್‌ಸ್ಟರ್‌ಡಾಮಿಗೆ ದಿನಾ ಓಡಾಡುವಾಗ. ಮೊದಲು ಮೊಬೈಲಿನಲ್ಲಿ ಒಂದೆರಡು ಚಿತ್ರ ತೆಗೆದರು, ಆಮೇಲೆ ಕ್ಯಾಮೆರಾ ಬಂತು, ಆಮೇಲೆ ಶನಿವಾರಗಳೆಲ್ಲ ಪ್ಲಾಟ್‌ಫಾರ್ಮಿನ ತುದಿಯಲ್ಲಿ ಕಳೆಯತೊಡಗಿದವು. ಅಲ್ಲೇ ಅವರಿಗೆ ತಮ್ಮ ಹಾಗೆ ರೈಲಿನ ಚಿತ್ರ ತೆಗೆಯುವವರ ಗುಂಪು ಸಿಕ್ಕಿತು. ನಾಲ್ಕೈದು ಗಂಡಸರು. ಅವರಲ್ಲಿ ಹಿರಿಯರು ಟಪಾಲು ಹಂಚುವ ಕೆಲಸದಿಂದ ನಿವೃತ್ತರಾದವರು, ಎತ್ತರದ ಆಳು. ನಾವು ಮನೆಯಲ್ಲಿ ಅವರನ್ನು ‘ಟಪಾಲಿನವರು’ ಎಂದೇ ಕರೆಯುತ್ತಿದ್ದೆವು. ಇನ್ನೊಬ್ಬ ಬೇಕರಿಯಲ್ಲಿ ಕೆಲಸ ಮಾಡುವವನು, ದೇಶದ ಇನ್ನೊಂದು ತುದಿಯ ಝೀಲಂಡ್ ಕಡೆಯಿಂದ ಅಷ್ಟು ದೂರ ಕಾರು ಓಡಿಸಿಕೊಂಡು ಬರುತ್ತಿದ್ದ. ಈ ದೇಶಕ್ಕೆ ಬಂದು ಹತ್ತು ವರ್ಷವಾದರೂ ನನ್ನ ಗಂಡನನ್ನು ಹುಟ್ಟುಹಬ್ಬಕ್ಕೆ ಕರೆದ ಮೊದಲ ಡಚ್ಚರು ಟಪಾಲಿನವರೇ. ಅವರ ಮನೆಯಲ್ಲಿ ಎಲ್ಲರೂ ಗುಂಡಗೆ ಹಾಕಿದ ಕುರ್ಚಿಗಳಲ್ಲಿ ಕೂತು, ಒಂದೊಂದು ತುಂಡು ಕೇಕ್ ತಿಂದು, ಸಂಜೆಯವರೆಗೆ ಸಿಗ್ನಲ್ಲುಗಳ ಬಗ್ಗೆ ಮಾತಾಡಿದರು. ನನ್ನ ಗಂಡ ಮನೆಗೆ ಬಂದವರು ಎಷ್ಟೋ ದಿನಗಳ ಮೇಲೆ ತಾವಾಗಿಯೇ ರೇಡಿಯೋ ಹಚ್ಚಿದರು.

ಗುಂಪಿನವರಿಗೆ ಕಣ್ಣಿನ ವಿಷಯ ಗೊತ್ತಿರಲಿಲ್ಲ. ಹೆಂಡತಿ ಯಾಕೆ ಕಾರು ಓಡಿಸುತ್ತಾಳೆ ಎಂದು ಯಾರೋ ಕೇಳಿದಾಗ ಇವರು, “ಅವಳಿಗೆ ರೂಢಿಯಾಗಲಿ ಅಂತ” ಎಂದಿದ್ದರು.

ಆ ವರ್ಷ ರಾಜಮನೆತನದ ರೈಲಿನ ಓಡಾಟವನ್ನೇ ನಿಲ್ಲಿಸುತ್ತಾರೆ ಎಂಬ ಸುದ್ದಿ ಬಂದಿತ್ತು. ರೈಲು ಎಂದರೆ ಎರಡು ಇಂಜಿನ್ನುಗಳ ನಡುವೆ ಒಂದು ಗಾಢ ನೀಲಿ ಬೋಗಿ. ಹಳೆಯದಾಗಿತ್ತು, ಅದನ್ನು ಮತ್ತೆ ಹೊಸದು ಮಾಡುವುದಿಲ್ಲವಂತೆ. ಅದು ಯಾವಾಗ ಎಲ್ಲಿ ಓಡುತ್ತದೆ ಎಂದು ಯಾರೂ ಮೊದಲೇ ಹೇಳುವುದಿಲ್ಲ. ಆದರೂ ಗುಂಪಿನವರಿಗೆ ಹೇಗೋ ತಿಳಿಯುತ್ತಿತ್ತು. ನವೆಂಬರಿನ ಒಂದು ಬೆಳಿಗ್ಗೆ ಅದು ಹೇಗ್‌ನಿಂದ ಹೊರಟು, ನಮ್ಮ ಆಲ್ಮೆರೆಯ ಮೇಲೆಯೇ ಹಾದು, ಝ್ವೊಲ್ಲೆಯಲ್ಲಿ ಕೆಲಹೊತ್ತು ನಿಂತು, ಉತ್ತರಕ್ಕೆ ಲೇವಾರ್ಡನ್ ತನಕ ಹೋಗಿ, ಸಂಜೆ ಡೆವೆಂಟರ್ ದಾರಿಯಿಂದ ವಾಪಸಾಗುತ್ತದೆ ಎಂದು ಸುದ್ದಿ ಬಂತು. ದಿನವಿಡೀ ಅದರ ಹಿಂದೆ ಹೋಗುವುದು ಎಂದು ಗುಂಪು ತೀರ್ಮಾನಿಸಿತು. ನಾನು ಕೆಲಸ ಮಾಡುತ್ತಿದ್ದ ಹಲ್ಲಿನ ಕ್ಲಿನಿಕ್ಕಿನಲ್ಲಿ ರಜೆ ಕೇಳಿದೆ. ಮಗಳನ್ನು ಅವಳ ಗೆಳತಿಯ ಮನೆಗೆ ಬಿಟ್ಟೆವು.

“ನೀನೂ ಬಾ ಅಂದ್ರ ಅಕಿ ಬರಂಗಿಲ್ಲಂತಾಳ,” ಎಂದು ಇವರು ಹಿಂದಿನ ದಿನವೇ ನಗುತ್ತ ದೂರಿದ್ದರು. ಮಗಳಿಗೆ ಹನ್ನೊಂದು. ರೈಲು ನೋಡುವುದು ಮುದುಕರ ಕೆಲಸ ಎಂದು ಅವಳು ಡಚ್ಚಿನಲ್ಲಿ ಹೇಳಿದಾಗ ನಾನು ಅದನ್ನು ಡಚ್ ಅಷ್ಟಾಗಿ ಬಾರದ ಇವರಿಗೆ ಪೂರ್ತಿ ಅನುವಾದಿಸಿರಲಿಲ್ಲ.

ಮೊದಲ ಜಾಗ ನಮ್ಮ ಊರಿನ ಅಂಚಿನಲ್ಲಿ, ಲೆಲಿಸ್ಟಾಡ್ ಕಡೆಗೆ ಹಳಿ ಹೊರಳುವಲ್ಲಿ. ಒಂದು ಬದಿಗೆ ಜೊಂಡು ಬೆಳೆದ ಜೌಗು ಬಯಲು, ಇನ್ನೊಂದು ಬದಿಗೆ ಸೈಕಲ್ ದಾರಿ. ಮೋಡ ಕವಿದಿತ್ತು, ಜಿನುಗುತ್ತಿತ್ತು. ಟಪಾಲಿನವರು ಬೇಲಿಯ ಈಚೆ ಎಲ್ಲರ ಜಾಗ ಗೊತ್ತುಮಾಡಿದರು. ಇವರು ಟ್ರೈಪಾಡು ಹೂಡಿ, ಹಳಿಯ ಒಂದು ಬಿಂದುವಿಗೆ ಕ್ಯಾಮೆರಾ ಕಟ್ಟಿ ಹಾಕಿದಂತೆ ನಿಲ್ಲಿಸಿ, ಬೆರಳನ್ನು ಗುಂಡಿಯ ಮೇಲಿಟ್ಟು ಕಾದರು. ಹಾಗೆ ಮಾಡಿದರೆ ಅವರು ರೈಲನ್ನು ಹುಡುಕಬೇಕಾಗಿರಲಿಲ್ಲ, ಅದೇ ಬಂದು ಅವರ ನೋಟದೊಳಗೆ ಹಾಯುತ್ತಿತ್ತು. ನಾನು ಹಿಂದೆ ನಿಂತು, ದೂರದಲ್ಲಿ ದೀಪ ಕಂಡೊಡನೆ ಮೆಲ್ಲಗೆ ಹೇಳಿದೆ.

“ಬಂತ್ರಿ.”

ಹಳದಿ ಇಂಜಿನ್ನು, ನೀಲಿ ಬೋಗಿ, ಮತ್ತೆ ಹಳದಿ. ಒಂದು ಗಳಿಗೆ ಅಷ್ಟೆ. ಜೊಂಡು ಬಾಗಿ ಎದ್ದಿತು. ಗುಂಪಿನಲ್ಲಿ ಯಾರೂ ಕೂಗಲಿಲ್ಲ, ಎಲ್ಲರೂ ತಲೆ ಬಗ್ಗಿಸಿ ತಮ್ಮ ತಮ್ಮ ಪರದೆ ನೋಡಿಕೊಂಡರು. ಇವರ ಚಿತ್ರ ಚೆನ್ನಾಗಿ ಬಂದಿತ್ತು. ಬೋಗಿಯ ಬದಿಯಲ್ಲಿದ್ದ ಲಾಂಛನ ಕೂಡ ಕಾಣುತ್ತಿತ್ತು. ಟಪಾಲಿನವರು ಬಗ್ಗಿ ನೋಡಿ, ಬೆನ್ನು ತಟ್ಟಿ, “ನನ್ನದಕ್ಕಿಂತ ಚೆನ್ನಾಗಿದೆ” ಎಂದರು. ಇವರ ಮುಖ ಅರಳಿತು. ಆ ಸಂತೋಷ ಎಷ್ಟು ಸಣ್ಣ ಜಾಗದಲ್ಲಿ ನಿಂತಿದೆ ಎಂದು ನನಗೆ ಮಾತ್ರ ಗೊತ್ತಿತ್ತು.

ಎರಡನೆಯ ಜಾಗ ಝ್ವೊಲ್ಲೆ ದಾಟಿ, ಮೆಪ್ಪೆಲ್ ಕಡೆಗೆ, ಹೊಲಗಳ ನಡುವಿನ ಒಂದು ರೈಲ್ವೆ ಗೇಟು. ರೈಲು ಝ್ವೊಲ್ಲೆಯಲ್ಲಿ ನಿಂತಿರುವಾಗಲೇ ನಾವು ಮುಂದೆ ಹೋಗಿ ಸೇರಬೇಕಿತ್ತು. ಮೂರು ಕಾರುಗಳು ಒಂದರ ಹಿಂದೊಂದು ಹೋದವು. ಅಲ್ಲಿ ಇಳಿಯುವಾಗ ಇವರು ಬೇಕರಿಯವನು ನೆಲದ ಮೇಲಿಟ್ಟಿದ್ದ ಬ್ಯಾಗಿಗೆ ಎಡವಿ ಮೊಣಕಾಲೂರಿ ಬಿದ್ದರು. ಕೆಂಪು ಬ್ಯಾಗು, ಎಂಥವರಿಗೂ ಕಾಣುವಂಥದ್ದು. ಬೇಕರಿಯವನು ಎತ್ತಿ ನಿಲ್ಲಿಸಿದ. ಇವರು ಪ್ಯಾಂಟಿನ ಕೆಸರು ಒರೆಸಿಕೊಳ್ಳುತ್ತ, ಬೂಟು ಹೊಸದು ಎಂದರು. ಬೂಟು ಹೊಸದಾಗಿರಲಿಲ್ಲ. ಟಪಾಲಿನವರು ಥರ್ಮಾಸಿನ ಮುಚ್ಚಳ ತಿರುಗಿಸುತ್ತಿದ್ದವರು ಕೈ ನಿಲ್ಲಿಸಿ ಇವರನ್ನೇ ನೋಡುತ್ತಿದ್ದರು.

ಅಲ್ಲಿಯೂ ರೈಲು ಸಿಕ್ಕಿತು, ಆದರೆ ಇವರಿಗೆ ಅರ್ಧ ಮಾತ್ರ. ಹಿಂದಿನ ಇಂಜಿನ್ನು ಮತ್ತು ಬೋಗಿಯ ಬಾಲ.

ಮಧ್ಯಾಹ್ನ ರೈಲು ಉತ್ತರದಲ್ಲಿದ್ದಷ್ಟು ಹೊತ್ತು ನಮಗೆ ಬಿಡುವು. ಉಳಿದವರು ಹೆದ್ದಾರಿಯ ಪಕ್ಕದ ಹೋಟೆಲಿನಲ್ಲಿ ಸೂಪು ಕುಡಿಯಲು ಹೋದರು. ನಾವಿಬ್ಬರು ಕಾರಿನಲ್ಲೇ ಕೂತು, ನಾನು ಕಟ್ಟಿ ತಂದಿದ್ದ ಚಪಾತಿ, ಶೇಂಗಾ ಚಟ್ನಿ ತಿಂದೆವು. ಗಾಜಿನ ಮೇಲೆ ಉಸಿರಿನ ಮಂಜು ಕಟ್ಟಿತ್ತು.

“ಅವ್ರಿಗೆ ಹೇಳಿಬಿಡ್ರಿ,” ಎಂದೆ.

“ಏನಂತ?”

“ಇದ್ದದ್ದು ಇದ್ದಂಗ. ಅವರೇನ್ ಕೆಟ್ಟವರಲ್ಲ.”

ಅವರು ಚಪಾತಿ ಸುರುಳಿಯನ್ನು ಡಬ್ಬಿಯಲ್ಲಿ ಇಟ್ಟರು. “ಆಫೀಸ್ನ್ಯಾಗ ಹೇಳಿದೆ. ಏನಾತು? ಮೀಟಿಂಗ್‌ನ್ಯಾಗ ನನ್ನ ಕುರ್ಚಿ ಎಳೆದು ಕೊಡ್ತಾರ. ನನ್ನ ಜೋಡಿ ದೊಡ್ಡ ದನಿ ತಗದು ಮಾತಾಡ್ತಾರ, ಕಿವಿ ಕೇಳಂಗಿಲ್ಲ ಅನ್ನೂಹಂಗ. ಇಲ್ಲಿ ಒಂದ ಕಡೆ ನಾ ಬರೇ ರೈಲಿನಾಂವ ಅದೀನಿ. ಇದೊಂದ್ ಇರ್ಲಿ ಬಿಡು.”

“ಹಳಿ ಬಾಜೂಕ ನಿಂದರ್ತೀರಿ. ನಂಗ ಅಂಜಿಕಿ ಆಗ್ತದ.”

“ನೀ ಅದಿಯಲ್ಲ ಹಿಂದ.”

ನಾನು ಗಾಜಿನ ಮೇಲಿನ ಮಂಜು ಒರೆಸಿದೆ. ಡಬ್ಬಿ ಮುಚ್ಚಿ ಕಾರು ಶುರುಮಾಡಿದೆ.

ಮೂರನೆಯ ಜಾಗ ಝ್ವೊಲ್ಲೆಗೂ ಡೆವೆಂಟರಿಗೂ ನಡುವೆ ಒಂದು ಸಣ್ಣ ಸ್ಟೇಷನ್. ಎರಡು ಪ್ಲಾಟ್‌ಫಾರ್ಮು, ಒಂದು ಗಾಜಿನ ತಂಗುದಾಣ, ಸೈಕಲ್ ನಿಲ್ಲಿಸುವ ಕಂಬಿಗಳು. ಲೋಕಲ್ ಗಾಡಿಗಳು ಮಾತ್ರ ಅಲ್ಲಿ ನಿಲ್ಲುತ್ತಿದ್ದವು. ಇಂಟರ್‌ಸಿಟಿಗಳು ಪೂರ್ತಿ ವೇಗದಲ್ಲಿ ಹಾದುಹೋಗುತ್ತಿದ್ದವು. ನೀಲಿ ಬೋಗಿ ಆಚೆಯ ಹಳಿಯಲ್ಲಿ ಬರಬೇಕಿತ್ತು. ಅದು ದಿನದ ಕೊನೆಯ ಅವಕಾಶ. ಗುಂಪಿನವರ ಪ್ರಕಾರ ಬಹುಶಃ ಈ ದಾರಿಯಲ್ಲಿ ಅದರ ಕೊನೆಯ ಓಟ ಕೂಡ. ಬೇಕರಿಯವನು ಹಳೆಯ ಫಿಲ್ಮ್ ಕ್ಯಾಮೆರಾ ಹೊರಗೆ ತೆಗೆದಿದ್ದ. ಅದನ್ನು ಈ ಒಂದು ಚಿತ್ರಕ್ಕೆಂದೇ ಇಟ್ಟುಕೊಂಡಿದ್ದನಂತೆ.

ಬೆಳಕು ಬೇಗ ಇಳಿಯಿತು. ಪ್ಲಾಟ್‌ಫಾರ್ಮಿನ ದೀಪಗಳು ಹೊತ್ತಿಕೊಂಡವು, ಆದರೆ ನಾವು ನಿಂತಿದ್ದ ತುದಿಯಲ್ಲಿ ದೀಪವಿರಲಿಲ್ಲ. ನಾನು ಇವರ ತೋಳು ಹಿಡಿದುಕೊಂಡೇ ಅಲ್ಲಿಗೆ ಕರೆದೊಯ್ದೆ, ಚಳಿಗೆ ಒತ್ತಿಕೊಂಡು ನಡೆಯುವ ಗಂಡಹೆಂಡಿರ ಹಾಗೆ. ಆಮೇಲೆ ಅವರು ತೋಳು ಬಿಡಿಸಿಕೊಂಡರು. ಅಷ್ಟು ಜನರ ನಡುವೆ ನಾನು ಮತ್ತೆ ಹಿಡಿಯಲಿಲ್ಲ.

ಆಗ ಹಳಿ ಗುಂಯ್‌ಗುಡತೊಡಗಿತು.

ಎಲ್ಲರೂ ಬಲಕ್ಕೆ, ಝ್ವೊಲ್ಲೆಯ ಕಡೆಗೆ ನೋಡಿದರು. ದೂರದಲ್ಲಿ ಆಚೆಯ ಹಳಿಯ ಮೇಲೆ ದೀಪಗಳು ಕಂಡವು. ಆದರೆ ಅದೇ ಹೊತ್ತಿಗೆ ಎಡಗಡೆಯಿಂದ, ನಮ್ಮ ಬೆನ್ನ ಕಡೆಯಿಂದ, ಈಚೆಯ ಹಳಿಯಲ್ಲಿ ಇಂಟರ್‌ಸಿಟಿಯೊಂದು ಬರುತ್ತಿತ್ತು. ಉಳಿದವರಿಗೆ ಅದು ಕಣ್ಣಂಚಿನಲ್ಲಿ ಕಂಡಿರಬೇಕು, ಒಬ್ಬೊಬ್ಬರೂ ಅರಿವಿಲ್ಲದೆ ಒಂದು ಹೆಜ್ಜೆ ಹಿಂದೆ ಸರಿದರು. ನನ್ನ ಗಂಡನಿಗೆ ಕಣ್ಣಂಚೇ ಇರಲಿಲ್ಲ. ಅವರಿಗೆ ಸದ್ದು ಕೇಳಿಸಿತು, ನೀಲಿ ಬೋಗಿಯೇ ಬಂತೆಂದು ತಿಳಿದರು. ಕ್ಯಾಮೆರಾವನ್ನು ಕಣ್ಣಿಗೊತ್ತಿಕೊಂಡು, ಒಳ್ಳೆಯ ಕೋನಕ್ಕಾಗಿ ಮುಂದಕ್ಕೆ, ಬಿಳಿ ಗೆರೆಯ ಆಚೆಗೆ ನಡೆದರು.

ನಾನು ಕೂಗಿದೆನೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಟಪಾಲಿನವರು ಅವರ ಜಾಕೆಟ್ಟಿನ ಟೊಪ್ಪಿಗೆ ಹಿಡಿದು ಹಿಂದಕ್ಕೆ ಎಳೆದರು. ಇಬ್ಬರೂ ಅಂಗಾತ ಬಿದ್ದರು. ಇಂಜಿನ್ನು ಕಿವಿ ಒಡೆಯುವ ಹಾಗೆ ಹಾರ್ನ್ ಬಾರಿಸುತ್ತ, ಅವರ ಬೂಟುಗಳ ಎದುರಿಗೇ ಹಾದುಹೋಯಿತು. ಗಾಳಿಯ ಹೊಡೆತಕ್ಕೆ ಟ್ರೈಪಾಡುಗಳು ಉರುಳಿದವು. ಬೇಕರಿಯವನು ತನ್ನ ಕ್ಯಾಮೆರಾವನ್ನು ಅಲ್ಲೇ ಬಿಟ್ಟು ಅವರ ಕಡೆಗೆ ಓಡಿದ.

ಇಂಟರ್‌ಸಿಟಿಯ ಕೊನೆಯ ಬೋಗಿ ಸರಿದಾಗ ಆಚೆಯ ಹಳಿಯಲ್ಲಿ ನೀಲಿ ಬೋಗಿ ಹೋಗುತ್ತಿತ್ತು. ಯಾರೂ ಅದರ ಕಡೆ ನೋಡಲಿಲ್ಲ. ಎಲ್ಲರೂ ನೆಲದ ಮೇಲೆ ಬಗ್ಗಿದ್ದರು. ನಾನೊಬ್ಬಳೇ ನಿಂತಲ್ಲಿಂದ ಅದನ್ನು ನೋಡಿದೆ. ಆಮೇಲೆ ಸದ್ದು ಕೂಡ ಹೋಯಿತು.

ಟಪಾಲಿನವರು ಎದ್ದು ಕೂತರು. ಅವರ ಮಣಿಕಟ್ಟು ತರಚಿ ರಕ್ತ ಬರುತ್ತಿತ್ತು. ಅವರು ಅದನ್ನು ನೋಡಿಕೊಳ್ಳಲಿಲ್ಲ. ನನ್ನ ಗಂಡನ ಮುಖದ ಒಂದು ಬದಿಗೆ, ಕಿವಿಯ ಹತ್ತಿರ, ತಮ್ಮ ಕೈ ತಂದು ಬೆರಳು ಆಡಿಸಿದರು. ಇವರು ತಿರುಗಲಿಲ್ಲ. ಅವರು ಕೈಯನ್ನು ಮುಂದಕ್ಕೆ ತಂದರು, ಇನ್ನೂ ಮುಂದಕ್ಕೆ, ಮೂಗಿನ ನೇರಕ್ಕೆ ಬರುವವರೆಗೆ ತಂದರು. ಆಗ ಇವರು ಕಣ್ಣು ಮಿಟುಕಿಸಿದರು.

“ಇಷ್ಟೇ ಕಾಣುವುದಾ ನಿನಗೆ?” ಎಂದು ಅವರು ಇಂಗ್ಲಿಷಿನಲ್ಲಿ ಕೇಳಿದರು.

“ಬೆಳಕಿದ್ದರೆ ಇನ್ನೂ ಸ್ವಲ್ಪ.”

“ಎಷ್ಟು ದಿನದಿಂದ?”

“ನಿಮ್ಮ ಪರಿಚಯವಾಗುವ ಮೊದಲಿನಿಂದಲೂ.”

ಟಪಾಲಿನವರು ಕೈ ಕೆಳಗಿಳಿಸಿದರು. ಬೇಕರಿಯವನು ಉರುಳಿದ ಟ್ರೈಪಾಡುಗಳನ್ನು ಒಂದೊಂದಾಗಿ ಮಡಚತೊಡಗಿದ. ಅವನ ಬೆನ್ನು ನಮ್ಮ ಕಡೆಗಿತ್ತು.

“ನೀನು ಹೇಳಬೇಕಿತ್ತು,” ಎಂದರು ಟಪಾಲಿನವರು. ದನಿಯಲ್ಲಿ ಸಿಟ್ಟಿರಲಿಲ್ಲ. “ಇನ್ನು ಮುಂದೆ ನೀನು ನಮ್ಮ ಜೊತೆ ಹಳಿಯ ಹತ್ತಿರ ನಿಲ್ಲುವುದು ಬೇಡ. ಇವತ್ತು ನನ್ನ ಕೈಗೆ ಜಾಕೆಟ್ಟು ಸಿಕ್ಕಿತು. ಇನ್ನೊಂದು ದಿನ ಸಿಗದೆ ಹೋದರೆ, ನಾನು ಅದನ್ನು ನೋಡಿಕೊಂಡು ಬದುಕಲಾರೆ.”

ನನ್ನ ಗಂಡ “ಸರಿ” ಎಂದರು. ಒಂದೇ ಮಾತು. ಆ ಮುದುಕರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆ. ಆದರೂ ಅವರ ಮೇಲೆ ನನಗೆ ಬಂದಷ್ಟು ಸಿಟ್ಟು ಬೇರೆ ಯಾರ ಮೇಲೂ ಬಂದದ್ದಿಲ್ಲ. ನನ್ನ ಕರವಸ್ತ್ರವನ್ನು ಅವರ ಮಣಿಕಟ್ಟಿಗೆ ಸುತ್ತಿ ಗಂಟು ಬಿಗಿದೆ. ಅವರು ಡಚ್ಚಿನಲ್ಲಿ ನನಗೆ, ನೀನು ನಿಧಾನಕ್ಕೆ ಓಡಿಸಿಕೊಂಡು ಹೋಗು ಎಂದರು.

ವಾಪಸು ಬರುವಾಗ ಮಳೆ ಜೋರಾಯಿತು. ಝ್ವೊಲ್ಲೆ ಬಿಟ್ಟು ಬಹಳ ದೂರ ಬಂದ ಮೇಲೆ ಇವರು ಕೇಳಿದರು.

“ಬೇಕರಿಯಾಂವ ತಗದನೇನು?”

“ಇಲ್ರಿ. ಯಾರೂ ತಗೀಲಿಲ್ಲ.”

“ಅಷ್ಟ್ ದೂರದಿಂದ ಬಂದಿದ್ದ.” ಆಮೇಲೆ ಕೇಳಿದರು: “ನೀ ನೋಡಿದ್ಯಾ?”

“ನೋಡಿದೆ.”

“ಹೆಂಗಿತ್ತು?”

ನಾನು ವೈಪರಿನ ಆಚೆಗೆ ದಾರಿ ನೋಡುತ್ತ ನೆನಪಾದಷ್ಟು ಹೇಳಿದೆ. ಕಿಟಕಿಗಳಲ್ಲಿ ದೀಪವಿತ್ತು. ಪರದೆ ಸರಿಸಿದ್ದರು. ಒಂದು ಮೇಜು, ಅದರ ಮೇಲೆ ಏನೋ ಹೂವು ಇದ್ದ ಹಾಗಿತ್ತು. ಒಂದು ಎತ್ತರದ ಕುರ್ಚಿಯ ಬೆನ್ನು.

“ಒಳಗ ಯಾರಿದ್ರು?”

“ಯಾರೂ ಕಾಣಲಿಲ್ರಿ. ನಮ್ಮ ಬಾಜೂಕ ಖಾಲಿ ಇತ್ತು.”

ಅವರು ಹ್ಞೂಂ ಎಂದು, ಕಿಟಕಿಗೆ ತಲೆಯಾನಿಸಿದರು.  ಗೆಳತಿಯ ಮನೆಯಿಂದ ಮಗಳನ್ನು ಹತ್ತಿಸಿಕೊಂಡಾಗ ಅವಳು, ರಾಜ ಸಿಕ್ಕನಾ ಎಂದು ಡಚ್ಚಿನಲ್ಲಿ ಕೇಳಿದಳು. ಇವರು ಕನ್ನಡದಲ್ಲಿ, “ಇಲ್ಲ ಪುಟ್ಟಿ, ಮಳಿ ಬಂತು” ಎಂದರು.

ಎರಡು ವಾರದ ಮೇಲೆ ಟಪಾಲಿನವರು ಮೊದಲೇ ಸಮಯ ಕೇಳಿಕೊಂಡು ನಮ್ಮ ಮನೆಗೆ ಬಂದರು. ಒಂದು ಕಪ್ ಕಾಫಿ ಕುಡಿದರು. ನಾನು ಮಾಡಿದ ಅವಲಕ್ಕಿಯನ್ನು ಚಮಚದ ತುದಿಯಲ್ಲಿ ರುಚಿ ನೋಡಿದರು. ಗುಂಪು ರೈಲು ವಸ್ತುಸಂಗ್ರಹಾಲಯಕ್ಕೆ ಹೋಗುವ ದಿನ, ಹುಟ್ಟುಹಬ್ಬಗಳಿಗೆ ನೀನು ಯಾವಾಗಲೂ ಬರಬೇಕು, ಪ್ಲಾಟ್‌ಫಾರ್ಮಿಗೆ ಮಾತ್ರ ಬೇಡ, ಇದು ಎಲ್ಲರೂ ಕೂತು ಮಾತಾಡಿದ್ದು ಎಂದರು. ನನ್ನ ಗಂಡ ಧನ್ಯವಾದ ಹೇಳಿದರು. ಬಾಗಿಲ ತನಕ ಹೋಗಿ ಕೈ ಕುಲುಕಿದರು. ಅವರು ಹೋದ ಮೇಲೆ ಇವರು ಮೊಬೈಲು ತೆಗೆದು, ಗುಂಪಿನವರು ಸುದ್ದಿ ಹಂಚಿಕೊಳ್ಳುತ್ತಿದ್ದ ಚಾಟಿನಿಂದ ತಾವೇ ಹೊರಗೆ ಬಂದರು. ಟಪಾಲಿನವರ ಮುಂದಿನ ಹುಟ್ಟುಹಬ್ಬಕ್ಕೆ ಕರೆ ಬಂತು. ಇವರಿಗೆ ಜ್ವರವೆಂದು ನಾನು ಉತ್ತರ ಕೊಟ್ಟೆ. ಅದರ ಮುಂದಿನ ವರ್ಷ ಕರೆ ಬರಲಿಲ್ಲ.

ಆ ನವೆಂಬರಿನ ಹಿಂದೆಯೇ ಬಂದ ಚಳಿಗಾಲದಲ್ಲಿ ಇವರು ಸೋಫಾದ ಒಂದೇ ಮೂಲೆಯಲ್ಲಿ ಕೂರತೊಡಗಿದರು. ಗೋಡೆಯ ಕಡೆಯ ಮೂಲೆ. ಆಫೀಸಿನ ಕೆಲಸವನ್ನೂ ಆದಷ್ಟು ಅಲ್ಲಿಂದಲೇ ಮಾಡಿದರು. ನನಗೆ ಗದಗಿನ ಪಡಸಾಲೆ ನೆನಪಾಗುತ್ತಿತ್ತು, ನಾನು ಅದನ್ನು ಎಂದೂ ನೋಡಿರಲಿಲ್ಲವಾದರೂ. ಒಂದು ಸಂಜೆ ಅವರಾಗಿಯೇ, “ಮಾಮಾ ಯಾಕ ಏಳ್ತಿರಲಿಲ್ಲ ಅಂತ ಈಗ ತಿಳೀತು. ಎದ್ರ ಎಲ್ಲಾರೂ ಜೀವಾ ಹಿಡ್ಕೊಂಡು ನೋಡ್ತಾರ,” ಎಂದರು.

ವಸಂತದಲ್ಲಿ, ಆಸ್ಪತ್ರೆಯವರು ಹೇಳಿ ಹೇಳಿ, ಬಿಳಿ ಕೋಲು ಹಿಡಿದು ನಡೆಯುವುದನ್ನು ಕಲಿಸಲು ಒಬ್ಬ ಹೆಂಗಸು ಮನೆಗೆ ಬರತೊಡಗಿದಳು. ಮನೆಯಿಂದ ಸ್ಟೇಷನ್ನಿನವರೆಗಿನ ದಾರಿಯನ್ನು ಇವರು ಯಾರ ತೋಳೂ ಹಿಡಿಯದೆ ನಡೆಯಬೇಕು. ನಾನು ಬೇಕಿದ್ದರೆ ಹಿಂದೆ ಬರಬಹುದು, ಆದರೆ ದೂರದಲ್ಲಿ, ಮತ್ತು ಏನೇ ಆದರೂ ಕೂಗಬಾರದು, ಹತ್ತಿರ ಹೋಗಬಾರದು. ಅವಳು ನನಗೆ ಅದನ್ನು ಎರಡೆರಡು ಸಲ ಹೇಳಿದಳು.

ಮೊದಲ ದಿನ ಮಗಳೂ ನನ್ನ ಜೊತೆ ಬಂದಳು. ಅವಳ ಕಣ್ಣಿನ ಬಗ್ಗೆ ಡಾಕ್ಟರು ಹೇಳಿದ್ದರು: ಸದ್ಯಕ್ಕೆ ಏನೂ ಇಲ್ಲ, ಪರೀಕ್ಷೆ ಮಾಡಿಸುವುದೋ ಬೇಡವೋ ದೊಡ್ಡವಳಾದ ಮೇಲೆ ಅವಳೇ ತೀರ್ಮಾನಿಸಲಿ. ಅವಳು ನನ್ನ ಕೈ ಹಿಡಿದುಕೊಂಡಿರಲಿಲ್ಲ, ಆದರೆ ತೋಳು ತಗಲುವಷ್ಟು ಹತ್ತಿರ ನಡೆಯುತ್ತಿದ್ದಳು. ಮುಂದೆ ಅವರ ಬೆನ್ನು, ಪಕ್ಕದಲ್ಲಿ ಆ ಹೆಂಗಸು. ಕೋಲು ಎಡಕ್ಕೆ ಬಲಕ್ಕೆ ನೆಲ ತಟ್ಟುತ್ತಿತ್ತು. ಕೆರೆಯ ಪಕ್ಕದ ತಿರುವಿನಲ್ಲಿ ಯಾರೋ ದಾರಿಗೆ ಅಡ್ಡ ಸೈಕಲ್ಲು ನಿಲ್ಲಿಸಿದ್ದರು. ಕೋಲು ಅದರ ಚಕ್ರಗಳ ನಡುವೆ ಹೋಯಿತು, ಅವರ ಎದೆ ಹ್ಯಾಂಡಲಿಗೆ ಬಡಿಯಿತು, ಸೈಕಲ್ಲು ಸದ್ದುಮಾಡುತ್ತ ಬಿತ್ತು.

“ಅಮ್ಮಾ,” ಎಂದಳು ಮಗಳು. ಆಮೇಲೆ ಕನ್ನಡದಲ್ಲೇ, “ಹೋಗು ನೀನು.”

“ಹೋಗಬಾರದು.”

ಅವರು ಕೋಲನ್ನು ಬಿಡಿಸಿಕೊಂಡರು. ಬಗ್ಗಿ ಕೈಯಾಡಿಸಿ ಸೈಕಲ್ಲಿನ ಸೀಟು ಹುಡುಕಿ, ಅದನ್ನು ಎತ್ತಿ ನಿಲ್ಲಿಸಲು ನೋಡಿದರು. ಅದು ನಿಲ್ಲಲಿಲ್ಲ. ಎರಡನೆಯ ಸಲವೂ ನಿಲ್ಲಲಿಲ್ಲ. ಆ ಹೆಂಗಸು ಕೈಕಟ್ಟಿ ನಿಂತಿದ್ದಳು. ಕೊನೆಗೆ ಅವರು ಅದನ್ನು ಹುಲ್ಲಿನ ಮೇಲೆ ಮೆಲ್ಲಗೆ ಮಲಗಿಸಿ, ಕೋಟು ಸರಿಮಾಡಿಕೊಂಡು, ಸ್ಟೇಷನ್ನಿನ ಕಡೆಗೆ ನಡೆದರು. ನಾವು ಅವರು ತಿರುವು ದಾಟುವವರೆಗೆ ಕಾದು, ಆಮೇಲೆ ಹೊರಟೆವು.